ಬೋಲ್ಟು ಬಿಡಿಸುವ ಹೊತ್ತು ಯಾರ ಲೆಕ್ಕಕ್ಕೆ?



ಈ ಸಲದ ಸಂಪಾದಕೀಯವನ್ನು ಒಂದು ಬೋಲ್ಟಿನ ಬಗ್ಗೆ ಬರೆಯುತ್ತಿದ್ದೇನೆ. ತೋಟದ ಲೈನ್ ಮನೆಯಲ್ಲಿ ಕುಳಿತು ಓದುವ ನಿಮಗೆ, "ಉಪದೇಶಿಗೆ ಬೋಲ್ಟಿನ ಗೊಡವೆ ಏಕೆ?" ಎನಿಸಬಹುದು. ಸ್ವಲ್ಪ ತಾಳಿ ಓದಿರಿ. ನೀವು ಬೆಳಿಗ್ಗೆ ಹತ್ತಿ ಹೋಗುವ ಟ್ರ್ಯಾಕ್ಟರಿನ ಟ್ರೈಲರಿಗೂ ಜೀಪಿಗೂ ಅದೇ ಬೋಲ್ಟು ಇದೆ. ಶಾಲೆ ಬಿಟ್ಟ ನಿಮ್ಮ ಮಗನನ್ನು ನಾಳೆ ಯಾವುದಾದರೂ ಗ್ಯಾರೇಜಿಗೆ ಸೇರಿಸಿದರೆ, ಅವನ ಕೈಗೆ ಮೊದಲು ಬರುವುದೂ ಅದೇ ಬೋಲ್ಟೇ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್ ದಾರಿ. ಅಲ್ಲಿಂದ ಮುಂದೆ ಅಫಜಲಪುರ, ಕಲಬುರಗಿ ಕಡೆಗೆ ಲಾರಿಗಳು ಹೋಗುತ್ತವೆ. ಸೊಲ್ಲಾಪುರದ ಇನ್ನೊಂದು ದಿಕ್ಕಿಗೆ ವಿಜಯಪುರದ ಹೆದ್ದಾರಿ. ರಾಜ್ಯ ಮಹಾರಾಷ್ಟ್ರವಾದರೂ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಮಕ್ಕಳು ಓದುವುದೂ ಕನ್ನಡ ಶಾಲೆಯಲ್ಲಿ. ಸೊಲ್ಲಾಪುರ ಮೊದಲಿನಿಂದಲೂ ದುಡಿಯುವವರ ಊರು. ಹಿಂದೆ ಬಟ್ಟೆ ಗಿರಣಿಗಳು. ಇಂದಿಗೂ ಚಾದರ ನೇಯುವ ಮಗ್ಗಗಳು, ಬೀಡಿ ಕಟ್ಟುವ ಹೆಣ್ಣುಮಕ್ಕಳು. ಅದರ ಜೊತೆಗೆ ಸಕ್ಕರೆ. ಕಬ್ಬು ನುರಿಸುವ ಹಂಗಾಮು ಮಳೆಗಾಲ ಮುಗಿದ ಮೇಲೆ ಆರಂಭವಾದರೆ ಚಳಿಗಾಲವೆಲ್ಲ ನಡೆಯುತ್ತದೆ. ನಿಮ್ಮ ಕಡೆ ಕಾಫಿ ಹಣ್ಣು ಕೊಯ್ಯುವ ಕಾಲವೂ ಹೆಚ್ಚುಕಡಿಮೆ ಅದೇ. ಆ ತಿಂಗಳುಗಳಲ್ಲಿ ಕಬ್ಬಿನ ಲಾರಿಗೂ ಟ್ರ್ಯಾಕ್ಟರಿಗೂ ಹಗಲು ರಾತ್ರಿಯ ಭೇದವಿಲ್ಲ. ಅವುಗಳನ್ನು ರಿಪೇರಿ ಮಾಡುವ ಹುಡುಗರಿಗೂ ಇಲ್ಲ.

ಲಾರಿಯ ಚಾಸಿಗೂ ಆಕ್ಸಲ್ಲಿಗೂ ನಡುವೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಕೆಲವರು ಕಮಾನು ಎನ್ನುತ್ತಾರೆ, ಕೆಲವರು ಪ್ಲೇಟು ಎನ್ನುತ್ತಾರೆ, ಸೊಲ್ಲಾಪುರದ ಮಿಸ್ತ್ರಿಗಳು ಪಾಟಾ ಎನ್ನುತ್ತಾರೆ. ಲಾರಿಯ ಭಾರವೆಲ್ಲ ಅದರ ಮೇಲೆ. ಪಟ್ಟಿಗಳು ಒಟ್ಟಿಗೆ ನಿಲ್ಲಲು ನಡುವೆ ಒಂದು ಸೆಂಟರ್ ಬೋಲ್ಟು, ಆಕ್ಸಲ್ಲಿಗೆ ಬಿಗಿಯಲು ಯು ಬೋಲ್ಟುಗಳು, ಎರಡು ತುದಿಗಳನ್ನು ಚಾಸಿಗೆ ಸೇರಿಸಲು ಬೆರಳಿಗಿಂತ ದಪ್ಪನೆಯ ಪಿನ್ನುಗಳು. ಪಟ್ಟಿ ಮುರಿದರೆ ಇವನ್ನೆಲ್ಲ ಬಿಚ್ಚಬೇಕು. ಅವು ಬಿಚ್ಚಲು ಬಂದರೆ ಕೆಲಸ ಸುಲಭ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಅಲ್ಲಿಂದ ತೊಂದರೆ ಶುರು.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಹಂಗಾಮಿನಲ್ಲಿ, ಅಕ್ಕಲಕೋಟೆಯ ದಾರಿಯ ಬದಿಯ ಒಂದು ಗ್ಯಾರೇಜಿನಲ್ಲಿ, ಹದಿನೇಳು ವರ್ಷದ ಹುಡುಗನೊಬ್ಬನ ಬಲಗೈಯ ಮೂರು ಬೆರಳು ಹೋದವು. ಹುಡುಗ ನಮ್ಮ ಸಭೆಯವನಲ್ಲ. ಆದರೆ ಅವನ ತಾಯಿ ನಮ್ಮ ಸಂಘದ ಹೆಣ್ಣುಮಕ್ಕಳಿಗೆ ಪರಿಚಯದವಳು. ಆದದ್ದು ಇಷ್ಟು. ಕಬ್ಬು ತುಂಬಿದ ಲಾರಿ ರಾತ್ರಿ ಒಂಬತ್ತಕ್ಕೆ ಪಾಟಾ ಮುರಿದುಕೊಂಡು ಬಂತು. ಬೆಳಗಾಗುವುದರೊಳಗೆ ಕಾರ್ಖಾನೆಯ ಗೇಟಿನಲ್ಲಿ ಇರಬೇಕೆಂದು ಮಾಲೀಕನ ಫೋನು. ಕಬ್ಬು ಇಳಿಸಲಿಲ್ಲ. ನೀರು ಚೆಲ್ಲಿ ಮೆತ್ತಗಾಗಿದ್ದ ಎರೆಮಣ್ಣಿನ ಮೇಲೆ ಜ್ಯಾಕ್ ಇಟ್ಟು ಎತ್ತಿದರು. ಪಿನ್ನು ಬರಲಿಲ್ಲ. ಹುಡುಗ ಕೆಳಗೆ ಮಲಗಿ ಸುತ್ತಿಗೆಯಿಂದ ಎರಡು ತಾಸು ಹೊಡೆದ. ಪಾನಾಕ್ಕೆ ಪೈಪು ಸೇರಿಸಿ ಎಳೆದರು, ಪಾನಾ ಮುರಿಯಿತು. ಮತ್ತೆ ಸುತ್ತಿಗೆ. ಹೊಡೆತಕ್ಕೆ ಲಾರಿ ಅಲುಗಿತು, ಜ್ಯಾಕ್ ಮಣ್ಣಿನಲ್ಲಿ ವಾಲಿತು, ಚಾಸಿ ಇಳಿಯಿತು. ಕೈ ನಡುವೆ ಇತ್ತು.

ಆಮೇಲೆ ನೋಡಿದರೆ, ಆ ಪಿನ್ನು ತಿರುಗದಂತೆ ಅಡ್ಡಲಾಗಿ ಹಾಕುವ ಚಿಕ್ಕ ಲಾಕ್ ಬೋಲ್ಟನ್ನು ಯಾರೂ ತೆಗೆದೇ ಇರಲಿಲ್ಲ. ಅದು ಮಣ್ಣು, ಗ್ರೀಸಿನ ಗಸಿಯೊಳಗೆ ಹುದುಗಿ ಕಾಣುತ್ತಲೇ ಇರಲಿಲ್ಲ. ಇಡೀ ರಾತ್ರಿ ಹೊಡೆದಿದ್ದರೂ ಪಿನ್ನು ಬರುತ್ತಿರಲಿಲ್ಲ.

ಆಸ್ಪತ್ರೆಯ ಖರ್ಚಿಗೆ ಸ್ವಲ್ಪ ಹಣ ಬಂತು. ತಿಂಗಳ ಕೊನೆಗೆ ಲೆಕ್ಕ ಮಾಡುವಾಗ, ಪಾನಾ ಮುರಿಯಿತೆಂದು ಹುಡುಗನ ಸಂಬಳದಲ್ಲಿ ಅದರ ಬೆಲೆಯನ್ನೂ ಮುರಿದುಕೊಂಡರು. ನಾವು ಮಾತಾಡಲು ಹೋದಾಗ ಬಂದ ಉತ್ತರ ಒಂದೇ: "ಹುಡುಗ ಅವಸರ ಮಾಡಿದ." ಪಕ್ಕದಲ್ಲಿ ನಿಂತಿದ್ದ ತಾಯಿ ಮೆಲ್ಲಗೆ ಹೇಳಿದಳು: "ಅವಾ ಅವಸರ ಮಾಡ್ಲಿಲ್ಲರೀ ಮಾಸ್ತರ, ಅವಂಗ ಅವಸರ ಮಾಡಿಸ್ಯಾರ."

ಆ ಮಾತು ನನ್ನನ್ನು ಬಿಟ್ಟಿಲ್ಲ.

ನಾನು ಮಿಸ್ತ್ರಿಯಲ್ಲ. ಆದ್ದರಿಂದ ಈ ಕೆಲಸದಲ್ಲಿ ತಲೆ ನೆರೆತವರ ಬಳಿ ಹೋಗಿ ಕುಳಿತು, ಕಚ್ಚಿದ ಬೋಲ್ಟನ್ನು ಸರಿಯಾಗಿ ಬಿಡಿಸುವುದು ಹೇಗೆಂದು ಕೇಳಿದೆ. ಒಬ್ಬ ಹಿರಿಯರು ನಕ್ಕು ಹೇಳಿದರು: "ತಮ್ಮಾ, ಬೋಲ್ಟಿಗಿ ಸಿಟ್ಟು ಬರಂಗಿಲ್ಲ, ಮನುಷ್ಯಾಗ ಬರ್ತದ. ಅದಕ್ಕ ಬೋಲ್ಟು ಗೆಲ್ತದ." ಅವರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಮನೆಯಲ್ಲಿ ಗ್ಯಾರೇಜಿಗೆ ಹೋಗುವ ಹುಡುಗನಿದ್ದರೆ ಅವನಿಗೆ ಓದಿ ಹೇಳಿರಿ.

ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಆ ತುಕ್ಕು ಬೆಳೆದು ಎರಡನ್ನೂ ಬೆಸೆದಂತೆ ಮಾಡುತ್ತದೆ. ಬರಿಯ ಬಲದಿಂದ ತಿರುಗಿಸಿದರೆ ಬೋಲ್ಟಿನ ತಲೆ ಸವೆಯುತ್ತದೆ, ಇಲ್ಲವೆ ಬೋಲ್ಟೇ ತುಂಡಾಗುತ್ತದೆ. ಆದ್ದರಿಂದ ಮೊದಲು ಆ ತುಕ್ಕಿನ ಹಿಡಿತವನ್ನು ಒಡೆಯಬೇಕು.

ಅದಕ್ಕೂ ಮೊದಲು ಲಾರಿಯನ್ನು ನಿಲ್ಲಿಸುವ ಕೆಲಸವಿದೆ. ಹೇರು ಇಳಿಸಬೇಕು. ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಬೇಕು. ಎರೆಭೂಮಿ ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಅಂಥಲ್ಲಿ ಜ್ಯಾಕಿನ ಕೆಳಗೆ ದಪ್ಪನೆಯ ಹಲಗೆ ಅಥವಾ ಕಬ್ಬಿಣದ ತಗಡು ಬೇಕು. ನಿಮ್ಮ ಮಲೆನಾಡಿನ ಕೆಸರಿಗೂ ಇದೇ ಮಾತು. ಜ್ಯಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕೆ ಅಲ್ಲ. ಎತ್ತಿದ ಮೇಲೆ ಚಾಸಿಯ ಕೆಳಗೆ ಭಾರ ತಡೆಯುವ ಕಬ್ಬಿಣದ ಸ್ಟ್ಯಾಂಡುಗಳನ್ನು ಇಟ್ಟು, ಲಾರಿ ಅವುಗಳ ಮೇಲೆ ಕುಳಿತ ನಂತರವೇ ಮನುಷ್ಯ ಕೆಳಗೆ ಹೋಗಬೇಕು. ಇಟ್ಟಿಗೆ ಇಡಬಾರದು, ಅದು ಸೂಚನೆ ಕೊಡದೆ ಸೀಳುತ್ತದೆ.

ಆಮೇಲೆ ನೋಡುವ ಕೆಲಸ. ತಂತಿ ಬ್ರಷ್ಷಿನಿಂದ ಮಣ್ಣು, ಗಸಿ ತಿಕ್ಕಿ ತೆಗೆದರೆ ಲಾಕ್ ಬೋಲ್ಟು, ಗ್ರೀಸ್ ನಿಪ್ಪಲ್ಲು ಎಲ್ಲ ಕಣ್ಣಿಗೆ ಬೀಳುತ್ತವೆ. ಹತ್ತು ನಿಮಿಷದ ಈ ಕೆಲಸ ಆ ರಾತ್ರಿ ನಡೆದಿದ್ದರೆ ಮೂರು ಬೆರಳು ಉಳಿಯುತ್ತಿದ್ದವು. ಆಕ್ಸಲ್ಲಿನ ಕೆಳಗಿನ ಜ್ಯಾಕನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸಿ, ಪಿನ್ನಿನ ಮೇಲೆ ಭಾರವಿಲ್ಲದ ಜಾಗ ಹುಡುಕಬೇಕು. ಭಾರ ಬಿದ್ದಿರುವ ಪಿನ್ನನ್ನು ಎಷ್ಟು ಹೊಡೆದರೂ ಅದು ಅಲ್ಲೇ.

ನಂತರ ಎಣ್ಣೆ. ತುಕ್ಕು ಬಿಡಿಸುವ ಎಣ್ಣೆ ಅಂಗಡಿಯಲ್ಲಿ ಸಿಗುತ್ತದೆ. ಅದಿಲ್ಲದ ಕಡೆ ಡೀಸೆಲ್ಲನ್ನೇ ಬಿಡುತ್ತಾರೆ. ಎಣ್ಣೆ ಬಿಟ್ಟು ಬೋಲ್ಟಿನ ತಲೆಗೆ ಮೆಲ್ಲಗೆ ತಟ್ಟಬೇಕು. ಆ ನಡುಕಕ್ಕೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗೆ ಇಳಿಯುತ್ತದೆ. ಮತ್ತೆ ಎಣ್ಣೆ, ಮತ್ತೆ ತಟ್ಟು. ಒಂದು ರಾತ್ರಿ ನೆನೆಯಲು ಬಿಟ್ಟರೆ ಬೆಳಿಗ್ಗೆ ಅರ್ಧ ಕೆಲಸ ತಾನೇ ಆಗಿರುತ್ತದೆ. ಮಾಗಿದ ಕಾಯಿಯನ್ನು ಕೀಳಬೇಕಾಗಿಲ್ಲ.

ಪಾನಾ ಹಾಕುವಾಗ ಬಾಯಿ ತೆರೆದ ಪಾನಾ ಬೇಡ. ತಲೆಯನ್ನು ಸುತ್ತಲೂ ಹಿಡಿಯುವ ರಿಂಗ್ ಪಾನಾ ಅಥವಾ ಆರು ಮೂಲೆಯ ಸಾಕೆಟ್ ಬೇಕು. ಮೊದಲು ಚೂರು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಡಿಸುವ ಕಡೆಗೆ. ಹೀಗೆ ಹಿಂದೆ ಮುಂದೆ. ಪಾನಾವನ್ನು ತನ್ನ ಕಡೆಗೆ ಎಳೆಯಬೇಕು, ದೂಡಬಾರದು. ದೂಡುವಾಗ ಜಾರಿದರೆ ಕೈಗೆಣ್ಣು ಹೋಗುತ್ತದೆ. ಸುತ್ತಿಗೆಯ ಮೇಲೆ ಸುತ್ತಿಗೆ ಹೊಡೆಯಬಾರದು; ಗಡಸು ಉಕ್ಕಿನ ಚೂರು ಗುಂಡಿನಂತೆ ಹಾರಿ ಕಣ್ಣಿಗೆ ಬಡಿಯುತ್ತದೆ. ಕಣ್ಣಿಗೆ ಕನ್ನಡಕ ಶೋಕಿಯಲ್ಲ.

ಇಷ್ಟಕ್ಕೂ ಬಾರದಿದ್ದರೆ ಬೆಂಕಿ. ಬೋಲ್ಟನ್ನಲ್ಲ, ನಟ್ಟನ್ನು ಕಾಯಿಸಬೇಕು. ಅದು ಹಿಗ್ಗಿ ಹಿಡಿತ ಸಡಿಲುತ್ತದೆ. ಆದರೆ ಸುರಿದ ಎಣ್ಣೆಯನ್ನು ಒರೆಸಿಯೇ ಬೆಂಕಿ ಹಚ್ಚಬೇಕು. ಬ್ರೇಕಿನ ಹೋಸು, ಗಾಳಿಯ ಪೈಪು, ಡೀಸೆಲ್ ಟ್ಯಾಂಕು ಹತ್ತಿರವಿದ್ದರೆ ಬೆಂಕಿಯ ಮಾತೇ ಬೇಡ. ಶಾಕ್ ಅಬ್ಸಾರ್ಬರಿನಂಥ ಮುಚ್ಚಿದ ಕೊಳವೆ ಕಾದರೆ ಸಿಡಿಯಬಹುದು. ಪಾಟಾದ ಪಟ್ಟಿಗಂತೂ ಬೆಂಕಿ ತಾಗಲೇಬಾರದು. ಹದ ಕೊಟ್ಟ ಉಕ್ಕಿನ ಹದ ಇಳಿದರೆ ಆ ಪಟ್ಟಿ ಮುಂದೆ ಹೇರು ಹೊತ್ತಾಗ ನಡುದಾರಿಯಲ್ಲಿ ಕೈಕೊಡುತ್ತದೆ. ಕೊನೆಯ ದಾರಿ ಕತ್ತರಿಸಿ ಹೊಸದು ಹಾಕುವುದು. ಸೆಂಟರ್ ಬೋಲ್ಟು ಬಿಚ್ಚುವ ಮೊದಲು ಪಟ್ಟಿಗಳನ್ನು ಕ್ಲ್ಯಾಂಪಿನಿಂದ ಬಿಗಿದಿರಬೇಕು, ಇಲ್ಲದಿದ್ದರೆ ಅವು ಬಿಲ್ಲಿನಂತೆ ಚಿಮ್ಮುತ್ತವೆ. ಬಿಚ್ಚಿದ ಯು ಬೋಲ್ಟನ್ನು ಮತ್ತೆ ಹಾಕಬಾರದು. ಒಮ್ಮೆ ಬಿಗಿದದ್ದು ಎಳೆದುಕೊಂಡಿರುತ್ತದೆ. ಹೊಸ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಅಂಕಿ ಇರುತ್ತದೆ. ಅದು ಅದರ ಬಲದ ಗುರುತು. ಹಳೆಯದು ಯಾವ ಬಲದ್ದೋ ಹೊಸದೂ ಅದೇ ಇರಬೇಕು. ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿದ ಮೆತ್ತನೆಯ ಸರಳು ಅಲ್ಲ.

ಬಾಂಧವರೇ, ಇದನ್ನೆಲ್ಲ ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಮೇಲಿನ ಪ್ರತಿಯೊಂದು ಮಾತನ್ನೂ ಮತ್ತೊಮ್ಮೆ ನೋಡಿರಿ. ಹೇರು ಇಳಿಸಲು ಹೊತ್ತು ಬೇಕು. ಸ್ಟ್ಯಾಂಡು ಇಡಲು ಹೊತ್ತು ಬೇಕು. ತಿಕ್ಕಲು, ನೆನೆಯಿಸಲು, ಕಾಯಲು ಹೊತ್ತು ಬೇಕು. ಕಚ್ಚಿದ ಬೋಲ್ಟಿಗೆ ನಿಜವಾದ ಮದ್ದು ಹೊತ್ತು ಒಂದೇ. ಆ ಹೊತ್ತನ್ನು ಯಾರು ಕೊಡಬೇಕು ಎಂಬುದೇ ನಮ್ಮ ಪ್ರಶ್ನೆ.

ದಾರಿಬದಿಯ ಗ್ಯಾರೇಜುಗಳಲ್ಲಿ ಕೆಲಸ ಹೆಚ್ಚಾಗಿ ಗುತ್ತಿಗೆ ಮಾತಿನ ಮೇಲೆ ನಡೆಯುತ್ತದೆ. ಒಂದು ಪಾಟಾ ಬದಲಿಸಲು ಇಷ್ಟು ಎಂದು ಮೊದಲೇ ಮಾತಾಗಿರುತ್ತದೆ. ಬೋಲ್ಟು ಒಂದು ತಾಸಿನಲ್ಲಿ ಬಂದರೂ ಅಷ್ಟೇ, ಒಂದು ರಾತ್ರಿ ಹಿಡಿದರೂ ಅಷ್ಟೇ. ಹೆಚ್ಚಿನ ತಾಸುಗಳ ನಷ್ಟ ಮಿಸ್ತ್ರಿಯ ಮೇಲೆ ಬೀಳುತ್ತದೆ. ಮಿಸ್ತ್ರಿ ಅದನ್ನು ಹುಡುಗನ ಮೇಲೆ ಹಾಕುತ್ತಾನೆ. ಹುಡುಗನಿಗೆ ಹಾಕಲು ಕೆಳಗೆ ಯಾರೂ ಇಲ್ಲ. ಅವನ ಕೆಳಗೆ ನೆಲ, ಮೇಲೆ ಲಾರಿ.

ಲಾರಿಯ ಮಾಲೀಕರೆಲ್ಲ ಕೆಟ್ಟವರು ಎಂದು ನಾವು ಹೇಳುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ಸಾಲ ಮಾಡಿ ಒಂದೇ ಲಾರಿ ಇಟ್ಟುಕೊಂಡು ತಾವೇ ಓಡಿಸುವವರು. ಗೇಟಿನಲ್ಲಿ ಸರತಿ ತಪ್ಪಿದರೆ ಅವರ ಮನೆಯ ಒಲೆಗೂ ತೊಂದರೆ. ಆದರೂ ಒಂದು ಮಾತು ಯೋಚಿಸಬೇಕು. ಆ ಪಿನ್ನು ಒಂದೇ ರಾತ್ರಿಯಲ್ಲಿ ಕಚ್ಚಿಕೊಂಡದ್ದಲ್ಲ. ಪ್ರತಿ ಸರ್ವಿಸಿನಲ್ಲೂ ನಿಪ್ಪಲ್ಲಿಗೆ ಗ್ರೀಸ್ ಹೊಡೆದಿದ್ದರೆ ಅದು ಬೆಣ್ಣೆಯಂತೆ ಬರುತ್ತಿತ್ತು. ಐದು ನಿಮಿಷದ ಗ್ರೀಸನ್ನು ಉಳಿಸಿದರು. ಇನ್ನೊಂದು ಸಲ ಉಳಿಸಿದರು. ಉಳಿಸಿದ ಲಾಭ ಒಬ್ಬರ ಕಿಸೆಗೆ ಹೋಯಿತು. ಸಾಲ ಬೆಳೆದು ಬಡ್ಡಿ ಕೇಳುವ ದಿನ ಬಂದಾಗ, ತೀರಿಸಿದವನು ಕೆಳಗೆ ಮಲಗಿದ ಹುಡುಗ. ಇದು ನ್ಯಾಯವೇ?

ದೇವರ ವಾಕ್ಯವನ್ನು ಓದುವವರು ನಾವು. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಮನೆ ಕಟ್ಟುವವನಿಗೆ ಒಂದು ಆಜ್ಞೆ ಇದೆ. ಮಾಳಿಗೆಯ ಸುತ್ತ ಅಡ್ಡಗೋಡೆ ಹಾಕದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯವನದೇ ಎಂಬುದು ಅದರ ಭಾವ. ಅಕ್ಕಲಕೋಟೆ ಕಡೆ ಹಳೆಯ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಮನೆಮಂದಿ ಮೇಲೆಯೇ ಮಲಗುತ್ತಾರೆ. ಆದ್ದರಿಂದ ಈ ಆಜ್ಞೆ ಅಲ್ಲಿನವರಿಗೆ ಬೇಗ ತಿಳಿಯುತ್ತದೆ. ಬಿದ್ದವನು ಎಚ್ಚರವಾಗಿ ನಡೆಯಬೇಕಿತ್ತು ಎಂದು ಧರ್ಮಶಾಸ್ತ್ರ ಹೇಳಲಿಲ್ಲ. ಗೋಡೆ ಎಲ್ಲಿ ಎಂದು ಕೇಳಿತು. ಗ್ಯಾರೇಜಿನ ಸ್ಟ್ಯಾಂಡೇ ಆ ಅಡ್ಡಗೋಡೆ. ತೋಟದಲ್ಲಿ ನಿಮ್ಮನ್ನು ಹೊತ್ತು ಹೋಗುವ ಗಾಡಿಯ ಗಟ್ಟಿ ಪಾಟಾವೇ ಆ ಅಡ್ಡಗೋಡೆ.

ಅರಸರ ಎರಡನೆಯ ಗ್ರಂಥದ 6ನೆಯ ಅಧ್ಯಾಯದ ಕೊಡಲಿಯ ಕಥೆ ಮಕ್ಕಳಿಗೂ ಗೊತ್ತು. ಮರ ಕಡಿಯುವಾಗ ಒಬ್ಬನ ಕೊಡಲಿಯ ಕಬ್ಬಿಣ ಕಳಚಿ ನದಿಗೆ ಬಿತ್ತು. ಅವನು ಗೋಳಾಡಿದ್ದು ಅದು ಬೇರೆಯವರಿಂದ ತಂದದ್ದು ಎಂದು. ಪರರ ಹತ್ಯಾರದಿಂದ ದುಡಿಯುವವನ ಭಯ ಅದು; ಪಾನಾ ಮುರಿದಾಗ ಹುಡುಗನ ಎದೆಯಲ್ಲಿ ಎದ್ದ ಭಯವೂ ಅದೇ. ಪ್ರವಾದಿ ಎಲೀಷನು ಅವನನ್ನು ಬೈಯಲಿಲ್ಲ, ಬೆಲೆ ಕಟ್ಟಲಿಲ್ಲ. ಎಲ್ಲಿ ಬಿತ್ತು ಎಂದಷ್ಟೇ ಕೇಳಿ, ಕಬ್ಬಿಣವನ್ನು ಮೇಲೆ ತಂದುಕೊಟ್ಟನು. ಒಬ್ಬ ಬಡವನ ಕೊಡಲಿಗಾಗಿ ಅದ್ಭುತ ಮಾಡಿದ ದೇವರು, ಒಬ್ಬ ಬಡವನ ಬೆರಳುಗಳನ್ನು ಎಣಿಸದೆ ಬಿಡುತ್ತಾನೆಯೇ?

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. ಕೆಲಸದಲ್ಲಿ ಗಾಯಗೊಂಡವನಿಗೆ ಕೆಲಸ ಕೊಟ್ಟವನು ಪರಿಹಾರ ಕೊಡಬೇಕೆಂಬ ಕಾಯಿದೆ 1923ರಲ್ಲೇ ಬಂದಿತು. 1951ರ ತೋಟ ಕಾರ್ಮಿಕರ ಕಾಯಿದೆಯಂತೆ ಅದನ್ನೂ 2020ರ ಸಂಹಿತೆಗಳೊಳಗೆ ಸೇರಿಸಿದ್ದಾರೆ. ಹೆಸರು ಬದಲಾಗಿದೆ, ಹೊಣೆ ಹಾಗೆಯೇ ಇದೆ. ಹಾನಿಯ ಹೆಸರಿನಲ್ಲಿ ಸಂಬಳ ಮುರಿಯುವ ಮೊದಲು ಕೆಲಸಗಾರನ ಮಾತನ್ನು ಕೇಳಬೇಕೆಂದು 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. 14 ವರ್ಷ ತುಂಬದ ಮಗುವನ್ನು ಗ್ಯಾರೇಜಿನ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಆದರೆ ಕಾನೂನು ತಾನಾಗಿ ನಡೆದು ಬಂದು ನಮ್ಮ ಬಾಗಿಲು ತಟ್ಟುವುದಿಲ್ಲ. ಗಾಯವಾದ ದಿನವೇ ತಾರೀಖು, ವೇಳೆ, ಜಾಗ, ಜೊತೆಗಿದ್ದವರ ಹೆಸರು ಬರೆದಿಡಬೇಕು. ಆಸ್ಪತ್ರೆಯಲ್ಲಿ "ಮನೆಯಲ್ಲಿ ಬಿದ್ದ" ಎಂದು ಬರೆಸಲು ಯಾರಾದರೂ ಹೇಳಿದರೆ ಒಪ್ಪಬಾರದು, ನಿಜವನ್ನೇ ಬರೆಸಬೇಕು. ಆ ಕಾಗದವನ್ನು ಜೋಪಾನ ಮಾಡಿ ಸಂಘಕ್ಕೆ ತರಬೇಕು. ಆ ಹುಡುಗನ ವಿಷಯದಲ್ಲಿ ನಾವು ಎಡವಿದ್ದು ಇಲ್ಲಿಯೇ. ನಮಗೆ ಸುದ್ದಿ ತಿಳಿದಾಗ ಎರಡು ತಿಂಗಳು ಕಳೆದಿತ್ತು, ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಈಗ ತೋಟದ ನಿಮಗೆ ನಮ್ಮ ವಿನಂತಿ. ನಿಮ್ಮನ್ನು ಕೆಲಸಕ್ಕೆ ಕರೆದೊಯ್ಯುವ ಗಾಡಿ ಒಂದು ಕಡೆಗೆ ವಾಲಿ ನಿಂತಿದ್ದರೆ, ಪಟ್ಟಿ ಮುರಿದಿದ್ದರೆ, ಪಾಟಾವನ್ನು ತಂತಿಯಿಂದಲೋ ಹಗ್ಗದಿಂದಲೋ ಕಟ್ಟಿದ್ದರೆ ಹತ್ತಬೇಡಿರಿ. ಒಬ್ಬರೇ ಹೇಳಿದರೆ ಜಗಳವಾಗುತ್ತದೆ. ಎಲ್ಲರೂ ಸೇರಿ ಹೇಳಿದರೆ ಮಾತಾಗುತ್ತದೆ. ಮಳೆಗಾಲ ಮುಗಿದ ಕೂಡಲೇ, ಕೊಯ್ಲು ಶುರುವಾಗುವ ಮೊದಲೇ, ಗಾಡಿಗಳಿಗೆ ಗ್ರೀಸ್ ಹೊಡೆಸಿ ಬೋಲ್ಟುಗಳನ್ನು ನೋಡಿಸಬೇಕೆಂದು ರೈಟರರಿಗೂ ಮ್ಯಾನೇಜರರಿಗೂ ಕೇಳಿರಿ. ಮಗನಿಗೆ ಗ್ಯಾರೇಜಿನ ಕೆಲಸದಲ್ಲಿ ಮನಸ್ಸಿದ್ದರೆ ಹತ್ತನೆಯ ತರಗತಿ ಮುಗಿಸಿ ಐಟಿಐಗೆ ಸೇರಿಸಿರಿ. ಅಲ್ಲಿ ಮೋಟಾರು ವಾಹನದ ತರಬೇತಿ ಎರಡು ವರ್ಷ. ಸ್ಟ್ಯಾಂಡ್ ಇಡದೆ ಕೆಳಗೆ ಹೋಗಬಾರದೆಂದು ಪೆಟ್ಟು ತಿನ್ನದೆಯೇ ಕಲಿಯುತ್ತಾನೆ. ಈಗಾಗಲೇ ಗ್ಯಾರೇಜಿನಲ್ಲಿದ್ದರೆ ಹಬ್ಬಕ್ಕೆ ಬಂದಾಗ ಸಂಬಳ ಎಷ್ಟು ಎಂದು ಕೇಳುವ ಮೊದಲು, "ಸ್ಟ್ಯಾಂಡ್ ಇದೆಯೇನೋ ಮಗನೇ?" ಎಂದು ಕೇಳಿರಿ.

ಮಿಸ್ತ್ರಿ ಅಣ್ಣಂದಿರಿಗೂ ಒಂದು ಮಾತು. ಗುತ್ತಿಗೆ ಮಾತಾಡುವಾಗಲೇ, "ಬೋಲ್ಟು ಕಚ್ಚಿದ್ದರೆ ಹೊತ್ತು ಬೇರೆ, ಕೂಲಿ ಬೇರೆ" ಎಂದು ಹೇಳಿಬಿಡಿರಿ. ಒಬ್ಬ ಹೇಳಿದರೆ ಲಾರಿ ಮುಂದಿನ ಗ್ಯಾರೇಜಿಗೆ ಹೋಗುತ್ತದೆ. ಸಾಲಿನಲ್ಲಿರುವ ಗ್ಯಾರೇಜುಗಳೆಲ್ಲ ಹೇಳಿದರೆ ಲಾರಿ ಎಲ್ಲಿಗೂ ಹೋಗುವುದಿಲ್ಲ. ಸಂಘ ಎಂದರೆ ಇಷ್ಟೇ.

ಆ ಹುಡುಗ ಈಗ ಬೇರೊಂದು ಕಡೆ ಪಂಕ್ಚರ್ ಅಂಗಡಿಯಲ್ಲಿದ್ದಾನೆ. ಎಡಗೈಯಿಂದ ಪಾನಾ ಹಿಡಿಯಲು ಕಲಿತಿದ್ದಾನೆ. ಹೋದ ಸಲ ನೋಡಿದಾಗ, ಅವನ ಬಳಿ ಕೆಲಸ ಕಲಿಯಲು ಬಂದಿದ್ದ ಇನ್ನೊಬ್ಬ ಹುಡುಗ ಜ್ಯಾಕ್ ಎತ್ತಿ ಹಾಗೆಯೇ ಕೆಳಗೆ ನುಗ್ಗಲು ಹೊರಟಿದ್ದ. ಇವನು ಅವನ ಅಂಗಿಯ ಕಾಲರ್ ಹಿಡಿದು ಹೊರಗೆ ಎಳೆದ. ಬಾಯಿಂದ ಏನೂ ಹೇಳಲಿಲ್ಲ, ತನ್ನ ಬಲಗೈಯನ್ನು ಅವನ ಮುಖದ ಮುಂದೆ ಹಿಡಿದ. ಹುಡುಗ ಹೋಗಿ ಸ್ಟ್ಯಾಂಡ್ ತಂದ.

ನಮ್ಮ ಮಕ್ಕಳು ಇದನ್ನು ಕಲಿಯಲು ಇನ್ನೊಂದು ಕೈ ಬೇಕಾಗದಿರಲಿ.